ಕುರ್ಚಿಯ ಕಿರ್ ಸದ್ದು ಮತ್ತು ಒಂದು ಸಣ್ಣ ಸುಳ್ಳು

ಪ್ರಶ್ನೆ: ನಮಸ್ತೆ ಮೇಡಂ. ನನಗೆ 29 ವರ್ಷ. ಕಾಲೇಜಿನಿಂದ ಜೊತೆಗಿದ್ದ ನಾವು ನಾಲ್ವರು ಈಗ ನಾಲ್ಕು ದಿಕ್ಕು. ಮಾತು ತಪ್ಪಿಹೋಗಬಾರದು ಅಂತ ಒಂದು ರೂಢಿ ಇಟ್ಟುಕೊಂಡಿದ್ದೇವೆ. ತಿಂಗಳಿಗೊಬ್ಬರು ಹೊಸದಾಗಿ ಬಂದ ಒಂದು ಇಂಡಿಪೆಂಡೆಂಟ್ ಆಲ್ಬಂ (ದೊಡ್ಡ ಮ್ಯೂಸಿಕ್ ಕಂಪನಿಯ ಬೆಂಬಲ ಇಲ್ಲದೆ ಹೊರಬಂದದ್ದು) ಆರಿಸಬೇಕು. ಉಳಿದವರು ಒಂದು ವಾರ ಕೇಳಬೇಕು. ಭಾನುವಾರ ರಾತ್ರಿ ಎಲ್ಲರೂ ಕಾಲ್‌ನಲ್ಲಿ ಸೇರಿ ಮಾತಾಡಬೇಕು.

ಮೂರು ತಿಂಗಳ ಹಿಂದೆ ನನ್ನ ಸರದಿ. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಗಾಯಕಿಯೊಬ್ಬಳು ತನ್ನ ಕೋಣೆಯಲ್ಲೇ ರೆಕಾರ್ಡ್ ಮಾಡಿದ ಒಂಬತ್ತು ಹಾಡುಗಳ ಆಲ್ಬಂ ಕೊಟ್ಟೆ. ಅದಕ್ಕೆ ಮುಂಚೆ ಒಂದು ತಿಂಗಳಿಂದ ದಿನಾ ಅದನ್ನೇ ಕೇಳುತ್ತಿದ್ದೆ. ಗಿಟಾರ್ ನುಡಿಸುವ ಗೆಳೆಯ ಮೊದಲು ಮಾತಾಡಿದ. "ರೆಕಾರ್ಡಿಂಗ್ ಕಚ್ಚಾ. ನಾಲ್ಕನೇ ಹಾಡಲ್ಲಿ ಕುರ್ಚಿ ಕಿರ್ ಅನ್ನೋದೂ ಕೇಳ್ಸುತ್ತೆ. ಮೇಲಿನ ಸ್ವರದಲ್ಲಿ ಶ್ರುತಿ ಜಾರುತ್ತೆ" ಅಂದ. ಎರಡನೆಯವಳು "ಎರಡು ಹಾಡಿಗೇ ನಿದ್ದೆ ಬಂತು" ಅಂದಳು. ಅವಳು ಯಾವಾಗಲೂ ಓಡಾಡುತ್ತಾ ಫೋನಿನ ಸ್ಪೀಕರ್‌ನಲ್ಲೇ ಕೇಳುವುದು. ಮೂರನೆಯವಳು "ಮಾಸ್ಟರ್‌ಪೀಸ್" ಅಂದಳು, ಎಲ್ಲ ಆಲ್ಬಂಗೂ ಅವಳು ಹಾಗೇ ಅನ್ನುತ್ತಾಳೆ. ನನ್ನ ಸರದಿ ಬಂದಾಗ ನಾನೇನಂದೆ ಗೊತ್ತಾ? "ಹೂಂ, ನನಗೂ ಅಷ್ಟಕ್ಕಷ್ಟೆ."

ಅವತ್ತಿನಿಂದ ಆ ಆಲ್ಬಂ ಹಾಕಿದರೆ ಕುರ್ಚಿಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ. ನನ್ನ ಅಭಿರುಚಿಯೇ ಸರಿ ಇಲ್ಲವಾ? ಒಂದೇ ಆಲ್ಬಂ ನಾಲ್ಕು ಜನಕ್ಕೆ ಇಷ್ಟು ಬೇರೆ ಬೇರೆಯಾಗಿ ಕೇಳಿಸಿದರೆ ಯಾರ ಮಾತು ನಂಬುವುದು? ಮುಂದಿನ ತಿಂಗಳು ಮತ್ತೆ ನನ್ನ ಸರದಿ. ತುಂಬಾ ಜನ ಕೇಳಿ ಹೊಗಳಿರುವ ಆಲ್ಬಂ ಒಂದನ್ನು ಕೊಟ್ಟು ಸುಮ್ಮನಾಗೋಣ ಅನ್ನಿಸುತ್ತಿದೆ. ಇಲ್ಲ, ಗುಂಪೇ ಬಿಟ್ಟುಬಿಡಲಾ?

ಉತ್ತರ: ಗುಂಪು ಬಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಊರಿನಲ್ಲಿ ಕೂತು ಒಂದೇ ವಾರ ಒಂದೇ ಆಲ್ಬಂ ಕೇಳುವ ಗೆಳೆತನ ಸುಮ್ನೆ ಸಿಗುವುದಿಲ್ಲ.

"ಲೋಕೋ ಭಿನ್ನರುಚಿಃ" ಅಂತ ಒಂದು ಸಾಲು ಬರೆದು ನಾನು ಇಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ತೊಂದರೆ ರುಚಿ ಬೇರೆ ಆದದ್ದಲ್ಲ ಅನ್ನಿಸುತ್ತದೆ. ಅವರು ಮೂವರೂ ತಮಗೆ ಅನ್ನಿಸಿದ್ದನ್ನು ಹೇಳಿದರು. ನೀವೊಬ್ಬರೇ ಹೇಳಲಿಲ್ಲ. ಒಂದು ತಿಂಗಳು ದಿನಾ ಕೇಳಿದ ಹಾಡುಗಳ ಬಗ್ಗೆ ಕೋಲೆ ಬಸವನ ಹಾಗೆ ತಲೆಯಾಡಿಸಿ "ಅಷ್ಟಕ್ಕಷ್ಟೆ" ಅಂದಿರಿ. ಈಗ ಚುಚ್ಚುತ್ತಿರುವುದು ಗೆಳೆಯನ ಟೀಕೆಗಿಂತ ಜಾಸ್ತಿ ಆ ಮಾತೇ ಇರಬೇಕು. ಕುರ್ಚಿ ಕಿರ್ ಅಂದಾಗಲೆಲ್ಲ ನಿಮಗೆ ಅವನ ದನಿ ನೆನಪಾಗುತ್ತದೆ ಅಂದುಕೊಂಡಿದ್ದೀರಿ. ಒಂದು ಸಲ ಗಮನವಿಟ್ಟು ನೋಡಿ, ನೆನಪಾಗುವುದು ನಿಮ್ಮದೇ "ಹೂಂ" ಇದ್ದರೂ ಇರಬಹುದು.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದರಲ್ಲಿ ನಿಮಗಿಂತ ದೊಡ್ಡ ಕಳ್ಳಿ ನಾನು. ಕ್ಯಾಸೆಟ್ ಕಾಲದಲ್ಲಿ ಗೆಳತಿಯೊಬ್ಬಳು ತಾನೇ ಹಾಡಿ, ಮನೆಯ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿ ಕೊಟ್ಟಿದ್ದಳು. ಮೇಲೆ ನೀಲಿ ಶಾಯಿಯಲ್ಲಿ ನನ್ನ ಹೆಸರು ಬೇರೆ ಬರೆದಿದ್ದಳು. ನಾನು ಮೊದಲ ಹಾಡು ಅರ್ಧ ಕೇಳಿ ಎತ್ತಿಟ್ಟೆ. ವಾರ ಬಿಟ್ಟು ಸಿಕ್ಕಾಗ ಕೇಳಿದಳು, ಹೇಗಿತ್ತು ಅಂತ. "ತುಂಬಾ ಚೆನ್ನಾಗಿತ್ತು ಕಣೇ, ಅದರಲ್ಲೂ ಎರಡನೇ ಬದಿ!" ಅಂದೆ. ಅವಳು ಏನೂ ಅನ್ನಲಿಲ್ಲ. ಮನೆಗೆ ಬಂದು ತಿರುಗಿಸಿ ಹಾಕಿದರೆ ಎರಡನೇ ಬದಿ ಪೂರ್ತಿ ಖಾಲಿ. ಬರೀ ಸುಯ್ ಅನ್ನುವ ಸದ್ದು. ಅವಳು ನನಗೆ ಇನ್ನೊಂದು ಕ್ಯಾಸೆಟ್ ಕೊಡಲೇ ಇಲ್ಲ. "ನನಗೆ ಹಿಡಿಸಲಿಲ್ಲ" ಅಂದಿದ್ದರೆ ಜಗಳವಾಡಿ ಇನ್ನೊಂದು ಕೊಡುತ್ತಿದ್ದಳು ಅಂತ ಈಗಲೂ ಅನ್ನಿಸುತ್ತದೆ.

ಸರಿ, ಈಗ ನಿಮ್ಮ ಮೂವರು ಸ್ನೇಹಿತರನ್ನು ಒಬ್ಬೊಬ್ಬರಾಗಿ ನೋಡೋಣ. ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಇಷ್ಟವಾದವನು ಯಾರು ಗೊತ್ತಾ? ಆ ಗಿಟಾರಿನವನು. ಸಿಟ್ಟಾಗಬೇಡಿ. ನಾಲ್ಕನೇ ಹಾಡಿನವರೆಗೆ ಬಂದವನು ಅವನೊಬ್ಬನೇ ಅನ್ನುವುದಕ್ಕೆ ಪತ್ರದಲ್ಲೇ ಸಾಕ್ಷಿ ಇದೆ. ಗಾಯನದ ಹಿಂದೆ ಅಡಗಿದ್ದ ಕುರ್ಚಿಯ ಸದ್ದನ್ನು ಹಿಡಿದಿದ್ದಾನೆ ಅಂದರೆ ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳಿದ್ದಾನೆ. ಶ್ರುತಿ ಜಾರುವುದು ಎಲ್ಲಿ ಅಂತ ಗುರುತಿಸಿದ್ದಾನೆ. ನಿಮ್ಮ ಆಯ್ಕೆಗೆ ಒಂದಿಡೀ ಸಂಜೆ ಕೊಟ್ಟಿದ್ದಾನೆ. ಅವನು ಹೇಳಿದ್ದು ನಿಜವೂ ಇರಬಹುದು. ಕುರ್ಚಿ ಕಿರ್ ಅಂದದ್ದು ನಿಜ ತಾನೆ? ಆ ಸದ್ದು ಅಲ್ಲಿದೆ ಅನ್ನುವುದು ಒಂದು ಮಾತು, ಅದು ಇರಬಾರದಿತ್ತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಿವಿ ಚುರುಕಾಗಿದ್ದರೆ ಸಾಕು. ಎರಡನೆಯದು ಅವನ ಇಷ್ಟ. ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ, ನೀವು ಎರಡನ್ನೂ ಒಟ್ಟಿಗೇ ಒಪ್ಪಿಕೊಂಡುಬಿಟ್ಟಿರಿ.

ಕುರ್ಚಿ ಅಂದಾಗ ನೆನಪಾಯಿತು. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಅವರ ಕುರ್ಚಿಯ ಕಥೆ ಕೇಳಿದ್ದೀರಾ? ಅವರಪ್ಪ ಒಂದು ಮಡಚುವ ಕುರ್ಚಿಯ ಕಾಲುಗಳನ್ನು ಕೊಯ್ದು ತಗ್ಗಿಸಿ ಮಗನಿಗೆ ಕೊಟ್ಟಿದ್ದರು. 1950ರ ದಶಕದಿಂದ 1982ರಲ್ಲಿ ಸಾಯುವವರೆಗೂ ಗೂಲ್ಡ್ ಅದರ ಮೇಲೇ ಕೂತು ನುಡಿಸಿದರು. ಕೂರುವ ಜಾಗ ಸವೆದು ಕೊನೆಗೆ ಬರೀ ಚೌಕಟ್ಟು ಉಳಿದರೂ ಬದಲಾಯಿಸಲಿಲ್ಲ. ಆ ಕುರ್ಚಿಯ ಕಿರುಗುಟ್ಟುವಿಕೆ ಅವರ ರೆಕಾರ್ಡಿಂಗ್‌ಗಳಲ್ಲಿ ಕೇಳುತ್ತದೆ. ಜೊತೆಗೆ ಅವರು ನುಡಿಸುತ್ತಾ ಗುನುಗುವುದೂ ಕೇಳುತ್ತದೆ. ರೆಕಾರ್ಡಿಂಗ್ ಮಾಡುವವರಿಗೆ ಅದೊಂದು ತಲೆನೋವು. ಕೇಳುವವರಲ್ಲಿ ಕೆಲವರಿಗೆ ಆ ಗುನುಗು ಇಲ್ಲದಿದ್ದರೆ ಗೂಲ್ಡ್ ಅನ್ನಿಸುವುದೇ ಇಲ್ಲ. ಇನ್ನು ಕೆಲವರಿಗೆ ಅದು ಬಂದ ಕೂಡಲೇ ಆಫ್ ಮಾಡಬೇಕು ಅನ್ನಿಸುತ್ತದೆ. ನಿಮ್ಮ ಗಾಯಕಿ ಗೂಲ್ಡ್ ಅಂತ ನಾನು ಹೇಳುತ್ತಿಲ್ಲ, ನಾನಿನ್ನೂ ಕೇಳಿಯೂ ಇಲ್ಲ. ಇಷ್ಟು ವರ್ಷಗಳಲ್ಲಿ ಆ ಜಗಳ ತೀರಿಲ್ಲ, ಆ ಕಡೆಯವರೂ ಈ ಕಡೆಯವರೂ ಕಿವುಡರಲ್ಲ. ನಿಮ್ಮ ಭಾನುವಾರದ ಕಾಲ್‌ನಲ್ಲಿ ತೀರಬೇಕು ಅಂತ ಯಾಕೆ ಹಟ?

ಇನ್ನೂ ಒಂದು ಮಾತಿದೆ. ಈಗಿನ ಸಾಫ್ಟ್‌ವೇರ್‌ನಲ್ಲಿ ಅಂಥ ಸದ್ದನ್ನು ಒರೆಸಿ ಹಾಕುವುದು ಕಷ್ಟವೇನಲ್ಲ. ಇಲ್ಲದಿದ್ದರೆ ಇನ್ನೊಂದು ಸಲ ಹಾಡಿದರೂ ಆಯಿತು. ಹಾಡಿದವಳು ಅದನ್ನು ಬಿಡುಗಡೆಗೆ ಮುಂಚೆ ಎಷ್ಟು ಸಲ ಕೇಳಿರುತ್ತಾಳೋ. ಬೇಕಂತಲೇ ಬಿಟ್ಟಳೋ, ಆ ಸಲ ಹಾಡಿದ ಹಾಗೆ ಮತ್ತೆ ಹಾಡಲು ಆಗಲಿಲ್ಲವೋ. ಎರಡರಲ್ಲಿ ಯಾವುದಾದರೂ ನನಗೆ ಆ ಸದ್ದಿನ ಮೇಲೆ ಸ್ವಲ್ಪ ಅಕ್ಕರೆಯೇ ಬರುತ್ತದೆ.

ಇನ್ನು ನಿದ್ದೆ ಬಂದವಳು. ಅವಳ ಮೇಲೆ ಬೇಜಾರು ಮಾಡಿಕೊಳ್ಳುವುದಕ್ಕೆ ಕಾರಣವೇ ಇಲ್ಲ, ಯಾಕೆಂದರೆ ನೀವು ಕೇಳಿದ ಆಲ್ಬಂ ಅವಳು ಕೇಳಿಯೇ ಇಲ್ಲ. ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಗುರಿನಗಲದ ಫೋನ್ ಸ್ಪೀಕರ್ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. ಕಿವಿ ಒಂದಿಷ್ಟು ಊಹೆ ಮಾಡಿ ತುಂಬಿಕೊಳ್ಳುತ್ತದೆ, ಆದರೆ ಎದೆಗೆ ತಾಗುವ ಗುಂಯ್ ಮಾತ್ರ ಸಿಗುವುದಿಲ್ಲ. ಕೋಣೆಯಲ್ಲಿ ಮೆಲ್ಲಗೆ ಹಾಡಿದ ಹಾಡಿನಲ್ಲಿ ಇರುವುದೇ ಉಸಿರು, ಬೆರಳು, ಕೆಳಗಿನ ಒಂದೆರಡು ತಂತಿ. ಓಡಾಟದ ಗದ್ದಲದಲ್ಲಿ, ಆ ಸ್ಪೀಕರ್‌ನಲ್ಲಿ ಅದು ಕೇಳಿದರೆ ಉಳಿಯುವುದು ಎಲುಬು ಮಾತ್ರ. ಜೋರು ಡ್ರಮ್ಸ್ ಇರುವ ಆಲ್ಬಂ ಆಗಿದ್ದರೆ ಅವಳು ಎರಡು ಹಾಡು ಜಾಸ್ತಿ ಕೇಳುತ್ತಿದ್ದಳೇನೋ. ಅಂದ ಹಾಗೆ ಇದು ನಿಮಗೂ ಉಪಯೋಗಕ್ಕೆ ಬರುತ್ತದೆ: ಎರಡು ಆಲ್ಬಂ ಹೋಲಿಸುವಾಗ ಎರಡನ್ನೂ ಒಂದೇ ಜೋರಿನಲ್ಲಿ ಕೇಳಿ. ಒಂದೇ ಹಾಡನ್ನು ಒಂಚೂರು ಜೋರಾಗಿ ಹಾಕಿದರೆ ಸಾಕು, ಕೇಳುವವರಿಗೆ ಅದೇ ಮೇಲು ಅನ್ನಿಸುತ್ತದೆ. ಸೌಂಡ್ ಎಂಜಿನಿಯರುಗಳಿಗೆ ಇದು ಹಳೇ ವಿಷಯ.

ಮೂರನೆಯವಳು, ಮಾಸ್ಟರ್‌ಪೀಸ್ ಅಂದವಳು. ಒಳ್ಳೆ ಹುಡುಗಿ ಇರಬೇಕು. ಆದರೆ ಅವಳ ಹೊಗಳಿಕೆಯನ್ನು ನೀವೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಗಮನಿಸಿದಿರಾ? ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಆಯ್ಕೆಯನ್ನು ಮೆಚ್ಚಿದವಳು ಅವಳೊಬ್ಬಳೇ, ಆದರೂ ಆ ಮೆಚ್ಚುಗೆ ನಿಮಗೆ ದಕ್ಕಲಿಲ್ಲ. ಮುಂದಿನ ಸಲ ಅವಳನ್ನು ಕೇಳಿ, "ಯಾವ ಹಾಡು? ಯಾವ ಜಾಗ?" ಅಂತ. ತಬ್ಬಿಬ್ಬಾಗಬಹುದು, ಇಲ್ಲವೇ ನಿಮ್ಮಲ್ಲಿ ಯಾರಿಗೂ ಹೊಳೆಯದ್ದೇನಾದರೂ ಹೇಳಬಹುದು. ದಿನಾ ಒಂದೇ ಪದ ಬಳಸುವವರಲ್ಲಿ ಕೆಲವರಿಗೆ ಹೇಳಲು ಬೇಕಾದಷ್ಟಿರುತ್ತದೆ. ಯಾರೂ ಕೇಳಿರುವುದಿಲ್ಲ ಅಷ್ಟೆ.

ಇನ್ನು ನೀವು. ನಿಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇತ್ತಲ್ಲ, ಅದನ್ನು ಮರೆತಿದ್ದೀರಿ. ನೀವು ಆ ಆಲ್ಬಂ ಜೊತೆ ಒಂದು ತಿಂಗಳು ಇದ್ದಿರಿ, ಅವರು ಹೆಚ್ಚೆಂದರೆ ಒಂದು ವಾರ. ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡರೆ, ಕೇಳಿದರೆ ಅದರ ಮೇಲೆ ಇಷ್ಟ ಬೆಳೆಯುತ್ತದೆ ಅಂತ ಮನಶ್ಶಾಸ್ತ್ರದವರು 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಂತ ನಿಮ್ಮ ಇಷ್ಟ ಬರೀ ಅಭ್ಯಾಸ ಅಂತ ತಳ್ಳಿಹಾಕಬೇಡಿ. ಹಿಡಿಸದ ಹಾಡನ್ನು ಯಾರೂ ತಿಂಗಳುಗಟ್ಟಲೆ ಕೇಳುವುದಿಲ್ಲ. ಆದರೆ ಮೆಲ್ಲಗೆ ತೆರೆದುಕೊಳ್ಳುವ ಆಲ್ಬಂ ಒಂದನ್ನು ಮೊದಲ ಭೇಟಿಯಲ್ಲೇ ಒಪ್ಪಿಕೊಳ್ಳಲಿಲ್ಲ ಅಂತ ಅವರ ಮೇಲೆ ಮುನಿಸು ಯಾಕೆ? ನಿಮಗೇ ಅದು ಮೊದಲ ದಿನ ಹೇಗೆ ಕೇಳಿಸಿತ್ತು ಅಂತ ನೆನಪು ಮಾಡಿಕೊಳ್ಳಿ. ಆರನೇ ಸಲವೋ ಏಳನೇ ಸಲವೋ ಹಿಡಿದಿರಬೇಕು.

ಈಗ ಆ ಭಾನುವಾರ ರಾತ್ರಿಗೆ ಬರೋಣ. ಗೆಳೆಯ ಮೊದಲು ಮಾತಾಡಿದ ಅಂತ ಬರೆದಿದ್ದೀರಿ. ಇದು ಸಣ್ಣ ವಿಷಯವಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಯಾರೂ ಕೇಳಿರದ ಬ್ಯಾಂಡ್‌ಗಳ 48 ಹಾಡು ತೆಗೆದುಕೊಂಡರು. 14 ಸಾವಿರಕ್ಕೂ ಜಾಸ್ತಿ ಜನರಿಗೆ ಕೇಳಿಸಿದರು, ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಿ ಅಂದರು. ಕೆಲವರಿಗೆ ಬರೀ ಹಾಡು ಕೊಟ್ಟರು. ಉಳಿದವರನ್ನು ಎಂಟು ಗುಂಪು ಮಾಡಿ, ಆಯಾ ಗುಂಪಿನಲ್ಲಿ ತಮಗಿಂತ ಮುಂಚೆ ಬಂದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಅಂತ ತೋರಿಸಿದರು. ಒಂದು ಗುಂಪಿಗೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಏನಾಯಿತು ಅಂದರೆ, ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ಇನ್ನೊಂದರಲ್ಲಿ 40ನೇ ಸ್ಥಾನಕ್ಕೆ ಬಿತ್ತು. ಹಾಡು ಅದೇ, ಮೊದಲು ತಲೆಯಾಡಿಸಿದವರು ಬೇರೆ. ತೀರಾ ಒಳ್ಳೆಯದು ತಳಕ್ಕೆ ಹೋಗುವುದು, ತೀರಾ ಸಪ್ಪೆಯದು ಮೇಲೇರುವುದು ಅಪರೂಪ ನಿಜ. ನಡುವೆ ಇರುವ ಹಾಡುಗಳ ಗತಿ ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು.

ನಿಮ್ಮದು ನಾಲ್ಕೇ ಜನರ ಗುಂಪು. ಕಾಲ್‌ನಲ್ಲಿ ಮೊದಲು ಬಾಯಿ ತೆರೆದವನು, ಅದೂ ಗಿಟಾರ್ ಬಲ್ಲವನು, "ಕಚ್ಚಾ" ಅಂದ. ಆಮೇಲಿನವಳು ಎರಡು ಹಾಡಿಗೇ ಬಿಟ್ಟಿದ್ದಕ್ಕೆ ಅದೇ ಆಸರೆಯಾಯಿತು. ನಿಮ್ಮ ಸರದಿ ಬರುವಷ್ಟರಲ್ಲಿ ಆಲ್ಬಂ ಬಿದ್ದಾಗಿತ್ತು. ಇನ್ನು ಮೇಲೆ ಹೀಗೆ ಮಾಡಿ: ಕಾಲ್ ಶುರುವಾಗುವ ಮುಂಚೆ ನಾಲ್ವರೂ ಎರಡೆರಡು ಸಾಲು ಬರೆದಿಟ್ಟುಕೊಳ್ಳಿ. ಒಂದೇ ಹೊತ್ತಿಗೆ ಗುಂಪಿಗೆ ಕಳಿಸಿ, ಆಮೇಲೆ ಮಾತು. ಬರೆದಾದ ಮೇಲೆ "ನನಗೂ ಅಷ್ಟಕ್ಕಷ್ಟೆ" ಅನ್ನುವುದು ಕಷ್ಟ. ಸಿಕ್ಕಿಬೀಳುತ್ತೀರಿ.

ನಮ್ಮ ಕನ್ನಡದಲ್ಲೇ ಇರುವ ಒಂದು ಅನುಕೂಲವನ್ನೂ ಬಳಸಿಕೊಳ್ಳಿ. "ಹಿಡಿಸಲಿಲ್ಲ" ಅಂದ ಕೂಡಲೇ "ಯಾರಿಗೆ?" ಅನ್ನುವ ಪ್ರಶ್ನೆ ಏಳುತ್ತದೆ. ಒಂದು "ನನಗೆ" ಅದರ ಹಿಂದೆ ಇದ್ದೇ ಇರುತ್ತದೆ. "ಚೆನ್ನಾಗಿಲ್ಲ" ಅನ್ನುವುದಕ್ಕೆ ಆ ಹಂಗಿಲ್ಲ, ಅದು ಜಡ್ಜ್ ಹಾಗೆ ತೀರ್ಪು ಕೊಟ್ಟು ಎದ್ದು ಹೋಗುತ್ತದೆ. ಗುಂಪಿನಲ್ಲಿ "ಚೆನ್ನಾಗಿಲ್ಲ" ಅನ್ನುವುದನ್ನೇ ನಿಲ್ಲಿಸಿ ಅಂತ ಹೇಳುವಷ್ಟು ಮಡಿವಂತಳಲ್ಲ ನಾನು. ಆದರೆ ಯಾರಾದರೂ ಹಾಗಂದಾಗ ಮನಸ್ಸಿನಲ್ಲೇ ಒಂದು "ನನಗೆ" ಸೇರಿಸಿಕೊಂಡು ಕೇಳಿ. ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಮುಂದಿನ ತಿಂಗಳ ಆಯ್ಕೆ. ಎಲ್ಲರೂ ಹೊಗಳಿದ್ದನ್ನು ಕೊಟ್ಟು ಪಾರಾಗುವ ಯೋಚನೆ ಬಿಡಿ. ಹೆಚ್ಚು ಜನ ಕೇಳಿದ್ದಾರೆ ಅನ್ನುವ ಅಂಕಿ ಏನು ಹೇಳುತ್ತದೆ ಅಂತ ಈಗಷ್ಟೇ ನೋಡಿದೆವಲ್ಲ. ಅದೂ ಅಲ್ಲದೆ ಸ್ಪಾಟಿಫೈನಂಥ ಕಡೆ 30 ಸೆಕೆಂಡ್ ದಾಟಿದರೆ ಒಂದು ಸಲ ಕೇಳಿದ ಲೆಕ್ಕ. ಮೂವತ್ತೊಂದನೇ ಸೆಕೆಂಡಿಗೆ ಬೇಸತ್ತು ಮುಂದೆ ಹಾರಿಸಿದವರೂ ಆ ಅಂಕಿಯಲ್ಲಿ ಇದ್ದಾರೆ. ಇಂಡಿಪೆಂಡೆಂಟ್ ಆಲ್ಬಂ ಹಿಂದೆ ಜಾಹೀರಾತಿನ ದುಡ್ಡು ಇರುವುದು ಕಮ್ಮಿ. ಅದು ಊರು ದಾಟುವುದೇ ಒಬ್ಬರು ಇನ್ನೊಬ್ಬರಿಗೆ "ಇದೊಂದು ಕೇಳಿ ನೋಡು" ಅನ್ನುವುದರಿಂದ. ನಿಮ್ಮ ಗುಂಪು ಮಾಡುತ್ತಿರುವುದೂ ಅದನ್ನೇ. ಎಲ್ಲರಿಗೂ ಗೊತ್ತಿರುವುದನ್ನೇ ಕೊಡುವುದಾದರೆ ಈ ಆಟ ಯಾಕೆ ಬೇಕಿತ್ತು? ನಿಮಗೆ ನಿಜವಾಗಿ ಹಿಡಿಸಿದ್ದನ್ನೇ ಕೊಡಿ. ಬೇಕಾದರೆ ಒಂದು ಸಾಲು ಸೇರಿಸಿ: ಹೆಡ್‌ಫೋನ್ ಹಾಕಿ, ಹಾಡುಗಳನ್ನು ಇರುವ ಕ್ರಮದಲ್ಲೇ ಕೇಳಿ.

ಅದಕ್ಕೂ ಮೊದಲು ಗಿಟಾರಿನವನಿಗೆ ಒಂದು ಫೋನ್ ಮಾಡಿ. ಗುಂಪಿನಲ್ಲಿ ಬೇಡ, ಅವನೊಬ್ಬನಿಗೆ. ದೊಡ್ಡ ಪೀಠಿಕೆ ಏನೂ ಬೇಡ. "ಅವತ್ತು ಆ ಆಲ್ಬಂ ಬಗ್ಗೆ ನೀನು ಹೇಳಿದ್ದಕ್ಕೆಲ್ಲ ಹೂಂ ಅಂದೆ ನೋಡು, ಅದು ಸುಳ್ಳು ಕಣೋ. ನನಗದು ತುಂಬಾ ಇಷ್ಟ. ಆ ಕುರ್ಚಿ ಸದ್ದು ಬರೋ ಹಾಡಂತೂ ಇನ್ನೂ ಜಾಸ್ತಿ." ಅಷ್ಟೆ. ಅವನು "ಅವತ್ತೇ ಬಾಯಿ ಬಿಡೋದಲ್ವೇನೇ" ಅನ್ನಬಹುದು. ಶ್ರುತಿಯ ವಿಷಯ ಎತ್ತಿ ಮತ್ತೆ ವಾದಕ್ಕೆ ಇಳಿಯಲೂಬಹುದು. ಇಳಿಯಲಿ ಬಿಡಿ. ಈ ಸಲ ನೀವೂ ವಾದ ಮಾಡಿ. ಶ್ರುತಿ ಎಲ್ಲಿ ಜಾರುತ್ತದೆ ಅಂತ ಅವನಿಂದ ತೋರಿಸಿಕೊಳ್ಳಿ. ಅದು ಗೊತ್ತಾದ ಮೇಲೂ ಹಾಡು ಇಷ್ಟವಾಗಿಯೇ ಉಳಿದರೆ, ನಿಮ್ಮ ಅಭಿರುಚಿ ಸರಿ ಇದೆಯಾ ಅಂತ ನನಗೆ ಪತ್ರ ಬರೆಯುವ ಅಗತ್ಯ ಬೀಳುವುದಿಲ್ಲ.

ಆಲ್ಬಂ ನಿಮಗೆ ವಾಪಸ್ ಸಿಗುತ್ತದಾ? ಫೋನ್ ಮಾಡಿದ ಮರುದಿನವೇ ಸಿಗಲಿಕ್ಕಿಲ್ಲ. ಒಮ್ಮೆ ಕೇಳಿಸಿದ ಕುರ್ಚಿ ಮತ್ತೆ ಕೇಳಿಸದೆ ಇರುವುದಿಲ್ಲ. ಒಂದೆರಡು ವಾರ ಅದನ್ನು ಮುಟ್ಟಬೇಡಿ. ಆಮೇಲೆ ಮೊದಲು ಕೇಳುತ್ತಿದ್ದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ, ಒಂದನೇ ಹಾಡಿನಿಂದ ಹಾಕಿ. ನಾಲ್ಕನೆಯದು ಬಂದಾಗ ಸದ್ದಿಗಾಗಿ ಕಾಯುತ್ತಾ ಕೂರುತ್ತೀರಿ, ಅದೂ ಗೊತ್ತು. ಕಾಯಿರಿ. ಕಿರ್ ಅಂದ ಮೇಲೆ ಅವಳು ಯಾವ ಸಾಲು ಹಾಡುತ್ತಾಳೆ ಅಂತ ಗಮನಿಸಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೈಕಿನ ಹತ್ತಿರ ಬಂದು ಹಾಡಿದ ಸಾಲು ಅದಾಗಿರಬಹುದು.

ಸಾಧ್ಯವಾದರೆ ಆ ಗಾಯಕಿಗೂ ಒಂದು ಸಾಲು ಬರೆಯಿರಿ. ಕೋಣೆಯಲ್ಲಿ ಕೂತು ಹಾಡಿದವರಿಗೆ ಹೊರಗೆ ಯಾರು ಕೇಳಿದರು ಅಂತ ತಿಳಿಯುವುದು ಹಾಗೆ ಬಂದ ಪತ್ರಗಳಿಂದಲೇ.

ಇಷ್ಟೆಲ್ಲ ಬರೆದಿದ್ದೀರಿ, ಆಲ್ಬಂ ಹೆಸರು ಮಾತ್ರ ಹೇಳಿಲ್ಲ. ನಾನೂ ಏನಾದರೂ ಅಂದುಬಿಟ್ಟರೆ ಅಂತ ಭಯವಾ? ಕಳಿಸಿ. ಒಂಬತ್ತೂ ಹಾಡು ಕೇಳುತ್ತೇನೆ. ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆಯುತ್ತೇನೆ.